1994ರ ಪಿಂಕ್ ಫ್ಲಾಯ್ಡ್ ಟೂರ್ ಟೀಶರ್ಟ್ ಅಂತ ಮಾರುತ್ತಿದ್ದಾರೆ, ಅಸಲಿನಾ?

ಹಳೇಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ಹಳೇ ಬಟ್ಟೆ ಮಾರುವ ಒಬ್ಬರ ಹತ್ತಿರ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಒಂದು ಟೀಶರ್ಟ್ ಕಣ್ಣಿಗೆ ಬಿತ್ತು. "1994ರ ಟೂರ್‌ನ ಅಸಲಿ ಮಾಲು, ಅಮೆರಿಕದಿಂದ ಬಂದದ್ದು, ಒಂದೇ ಪೀಸ್ ಇರೋದು" ಅಂತ ಹಾಕಿದ್ದಾರೆ. ಬೆಲೆ 6,500 ರೂಪಾಯಿ. ಒಂದು ಟೀಶರ್ಟಿಗೆ ಅಷ್ಟು ಕೊಡೋದಾ ಅಂತ ಮನೆಯಲ್ಲಿ ಆಗಲೇ ಮಂಗಳಾರತಿ ಆಗಿದೆ. ಆದರೂ ಆಸೆ ಬಿಡುತ್ತಿಲ್ಲ.

ಫೋಟೋ ಇಲ್ಲಿ ಹಾಕಲು ಆಗುತ್ತಿಲ್ಲ, ಕಂಡದ್ದನ್ನು ಹೇಳುತ್ತೇನೆ. ಕಪ್ಪು ಬಟ್ಟೆ, ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದೆ. ಎದೆ ಮೇಲೆ ಪ್ರಿಸಂ, ಅದೇ ಬೆಳಕು ಒಡೆದು ಬಣ್ಣ ಆಗುವ ಚಿತ್ರ. ಪ್ರಿಂಟ್ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಕತ್ತಿನ ಒಳಗೆ ಹೊಲಿದ ಲೇಬಲ್ ಇಲ್ಲ, ಬಟ್ಟೆ ಮೇಲೇ ಸೈಜ್ ಅಚ್ಚು ಹಾಕಿದ್ದಾರೆ. ತೋಳಿನ ಅಂಚಿನಲ್ಲಿ ಎರಡು ಸಾಲು ಹೊಲಿಗೆ ಇದೆ. ಬೆನ್ನಿನ ಮೇಲೆ ಊರುಗಳ ಪಟ್ಟಿ, ಕೊನೆಯಲ್ಲಿ ಲಂಡನ್, ವೆಂಬ್ಲಿ, ಅಕ್ಟೋಬರ್ ಅಂತ ಇದೆ. ಇದರಲ್ಲಿ ಏನಾದರೂ ಗೊತ್ತಾಗುತ್ತಾ?

ಇನ್ನೊಂದು ಪ್ರಶ್ನೆ, ನಗಬೇಡಿ. ವಯಸ್ಸು ನಲವತ್ತು ದಾಟಿದೆ, ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿದೆ. ಮೊನ್ನೆ ಶುಕ್ರವಾರ ಆಫೀಸಿಗೆ ಲೆಡ್ ಜೆಪೆಲಿನ್ ಟೀಶರ್ಟ್ ಹಾಕಿಕೊಂಡು ಹೋದೆ. ಹೊಸದಾಗಿ ಸೇರಿದ ಹುಡುಗನೊಬ್ಬ "ಸರ್, ಅವರ ಮೂರು ಹಾಡು ಹೇಳಿ ನೋಡೋಣ" ಅಂದುಬಿಟ್ಟ. ಹೇಳಿದೆ ಅನ್ನಿ, ಅದು ಬೇರೆ ವಿಷಯ. ಆದರೆ ಈ ವಯಸ್ಸಿನಲ್ಲಿ ಇಂಥದ್ದು ಹಾಕಿಕೊಂಡರೆ ಜನ ಪರೀಕ್ಷೆ ಮಾಡುತ್ತಾರಾ? ಅಥವಾ ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಒಂದೆಳೆ

ತಗೋಬೇಡಿ. ಇದು 94ರದ್ದಲ್ಲ.

ಮೊದಲು ಕತ್ತು ನೋಡಿ. ಲೇಬಲ್ ಹೊಲಿಯದೆ ಬಟ್ಟೆ ಮೇಲೇ ಅಚ್ಚು ಹಾಕುವುದು ದೊಡ್ಡದಾಗಿ ಶುರುವಾಗಿದ್ದು 2002ರಲ್ಲಿ, ಹೇನ್ಸ್ ಕಂಪನಿ ಲೇಬಲ್ ಇಲ್ಲದ ಟೀಶರ್ಟ್ ಮಾರುಕಟ್ಟೆಗೆ ಬಿಟ್ಟ ಮೇಲೆ. 90ರ ದಶಕದ ಅಂಗಿಯಾದರೆ ಕತ್ತಿನ ಹಿಂದೆ ಚುಚ್ಚುವ ಒಂದು ಲೇಬಲ್ ಇರಲೇಬೇಕು. ಬ್ರಾಕಮ್, ಜೈಂಟ್, ವಿಂಟರ್‌ಲ್ಯಾಂಡ್, ಇಂಥ ಟೀಶರ್ಟ್ ಕಂಪನಿಗಳ ಹೆಸರುಗಳು ಇರುತ್ತವೆ. ಯಾರೋ ಕತ್ತರಿಸಿ ತೆಗೆದಿದ್ದರೂ ಹೊಲಿಗೆಯ ಗುರುತು ಉಳಿಯುತ್ತದೆ. ಆದರೆ ಲೇಬಲ್ಲೇ ಇಲ್ಲದೆ ಅಚ್ಚು ಹಾಕಿದ್ದರೆ ಕಥೆ ಅಲ್ಲಿಗೆ ಮುಗಿಯಿತು.

ಎರಡು ಸಾಲು ಹೊಲಿಗೆಯನ್ನು ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಹಳೇ ಅಮೆರಿಕನ್ ಟೀಶರ್ಟ್‌ಗಳಲ್ಲಿ ತೋಳಿಗೂ ಕೆಳ ಅಂಚಿಗೂ ಒಂದೇ ಸಾಲು ಹೊಲಿಗೆ ಇರುತ್ತಿತ್ತು, 90ರ ದಶಕದ ಮಧ್ಯದ ಹೊತ್ತಿಗೆ ಎರಡು ಸಾಲು ಬಂತು. 94 ಅಂದರೆ ಸರಿಯಾಗಿ ಗಡಿಯ ಮೇಲಿದೆ, ಎರಡೂ ಸಿಗುತ್ತವೆ. ಅದೇ 1979ರ ಅಂಗಿ ಅಂತ ಹೇಳಿ ಎರಡು ಸಾಲು ತೋರಿಸಿದರೆ ಮಾತ್ರ ಮುಖ ನೋಡಿ ನಕ್ಕು ಬನ್ನಿ.

ನಿಜವಾಗಿ ಸಿಕ್ಕಿಬಿದ್ದಿರುವುದು ಬೆನ್ನಿನ ಪಟ್ಟಿ. 1994ರ ಅಕ್ಟೋಬರ್‌ನಲ್ಲಿ ಫ್ಲಾಯ್ಡ್ ಲಂಡನ್‌ನಲ್ಲಿ ನುಡಿಸಿದ್ದು ಅರ್ಲ್ಸ್ ಕೋರ್ಟ್‌ನಲ್ಲಿ, ವೆಂಬ್ಲಿಯಲ್ಲಿ ಅಲ್ಲ. ಮೊದಲ ರಾತ್ರಿಯೇ, ಅಕ್ಟೋಬರ್ 12ಕ್ಕೆ, ಜನ ಕೂತಿದ್ದ ಒಂದು ಸ್ಟ್ಯಾಂಡ್ ಕುಸಿದು ಶೋ ನಿಂತುಹೋಗಿತ್ತು, ಆಮೇಲೆ ಬೇರೆ ದಿನ ಮಾಡಿಕೊಟ್ಟರು. ಅವರ ಅಭಿಮಾನಿಗಳಿಗೆ ಇದು ಬಾಯಿಪಾಠ. ವೆಂಬ್ಲಿ ಸ್ಟೇಡಿಯಂನಲ್ಲಿ ನುಡಿಸಿದ್ದು 1988ರಲ್ಲಿ. ಪ್ರಿಂಟ್ ಮಾಡಿದವನು ಎರಡು ಟೂರ್ ಕಲಸಿ ಚಿತ್ರಾನ್ನ ಮಾಡಿದ್ದಾನೆ.

ಇನ್ನೂ ಅನುಮಾನ ಇದ್ದರೆ ಪ್ರಿಂಟಿನ ತೀರಾ ಕೆಳಗಿನ ಮೂಲೆಯ ಫೋಟೋ ಕೇಳಿ. ಅಸಲಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾಪಿರೈಟ್ ಸಾಲು, ವರ್ಷ ಸಮೇತ ಇರುವುದು ಸಾಮಾನ್ಯ.

ಸುಮ್ನೆಬಂದೆ

94ರ ಟೂರ್‌ಗೆ ಪ್ರಿಸಂ ಹೇಗೆ ಬಂತು? ಆ ವರ್ಷದ ಆಲ್ಬಂ 'ದಿ ಡಿವಿಷನ್ ಬೆಲ್' ಅಲ್ವಾ, ಎರಡು ಲೋಹದ ತಲೆಗಳು ಎದುರುಬದುರು ನಿಂತಿರುವುದು?

ಒಂದೆಳೆ

ಹೌದು, ಆ ತಲೆಗಳ ಅಂಗಿಗಳೇ ಜಾಸ್ತಿ. ಇಂಗ್ಲೆಂಡಿನ ಈಲಿ ಊರಿನ ಹತ್ತಿರ ಒಂದು ಹೊಲದಲ್ಲಿ ನಿಜವಾದ ಎತ್ತರದ ತಲೆಗಳನ್ನೇ ಮಾಡಿ ನಿಲ್ಲಿಸಿ ಫೋಟೋ ತೆಗೆದಿದ್ದು, ಎರಡರ ನಡುವೆ ದೂರದಲ್ಲಿ ಈಲಿಯ ಚರ್ಚ್ ಕಾಣುತ್ತದೆ. ಆದರೆ ಪ್ರಿಸಂ ಇದೆ ಅಂದ ಮಾತ್ರಕ್ಕೆ ನಕಲಿ ಅನ್ನಲು ಆಗಲ್ಲ. ಆ ಟೂರ್‌ನಲ್ಲಿ ಕೆಲವು ರಾತ್ರಿ, ಹೊದಿಕೆ ಮೇಲೆ ಪ್ರಿಸಂ ಇರುವ ಅವರ ಹಳೇ 'ಡಾರ್ಕ್ ಸೈಡ್' ಆಲ್ಬಂ ಪೂರ್ತಿ ನುಡಿಸಿದ್ದರು.

ಪ್ರಿಸಂ ವಿಷಯದಲ್ಲಿ ನೋಡಬೇಕಾದದ್ದು ಬಣ್ಣ. 1973ರ ಆ ಹೊದಿಕೆಯಲ್ಲಿ ಇರುವುದು ಆರೇ ಪಟ್ಟಿ. ಹಿಪ್‌ನೋಸಿಸ್ ಅನ್ನೋ ವಿನ್ಯಾಸದ ಜೋಡಿ ಕಲ್ಪಿಸಿದ್ದು, ಜಾರ್ಜ್ ಹಾರ್ಡಿ ಗೆರೆ ಎಳೆದದ್ದು, ಇಂಡಿಗೋ ಬಿಟ್ಟುಬಿಟ್ಟಿದ್ದಾರೆ. ಶಾಲೆಯಲ್ಲಿ ಕಲಿತ ವಿಬ್‌ಗಯಾರ್ ನೆನಪಿಟ್ಟುಕೊಂಡು ಯಾರಾದರೂ ಏಳು ಪಟ್ಟಿ ಹಾಕಿದ್ದರೆ ಅವರು ಮೇಷ್ಟ್ರ ಮಾತು ಕೇಳಿದ್ದಾರೆ, ಆಲ್ಬಂ ನೋಡಿಲ್ಲ ಅಂತ ಅರ್ಥ.

ಅರಮನೆಮೈದಾನ

ಕ್ಯಾಸೆಟ್ ಅವರೇ, ವಯಸ್ಸಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ಮಿಕ್ ಜ್ಯಾಗರ್‌ಗೆ 59, ಡ್ರಮ್ಸ್ ಮುಂದಿದ್ದ ಚಾರ್ಲಿ ವಾಟ್ಸ್‌ಗೆ 61. ಹಾಡಿ ಕುಣಿದವರಿಗೆ ಆ ವಯಸ್ಸು, ಅವರ ಅಂಗಿ ಹಾಕಿಕೊಳ್ಳಲು ನಿಮಗೆ ನಲವತ್ತು ಜಾಸ್ತಿಯಾಯಿತಾ?

ನಾವು ಆಗ ಕಾಲೇಜಿನವರು. ಅರಮನೆ ಮೈದಾನಕ್ಕೆ 2002ರಲ್ಲಿ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬಂದರು, ಮುಂದಿನ ವರ್ಷ ಸ್ಟೋನ್ಸ್, ಆಮೇಲೆ 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್. ಮೇಡನ್ ದಿನ ಮೇಖ್ರಿ ಸರ್ಕಲ್ ಕಡೆಯಿಂದ ನಡೆದು ಬಂದವರಿಗೆ ಗೊತ್ತು, ರಸ್ತೆ ತುಂಬ ಕಪ್ಪು ಟೀಶರ್ಟ್. ಮಾರ್ಚ್ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಬ್ಬನೂ ಬಿಳಿ ಅಂಗಿ ಹಾಕಿರಲಿಲ್ಲ. ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹಾಸಿ ಮಾರುತ್ತಿದ್ದವರ ಹತ್ತಿರ ಎಡ್ಡಿ ಚಿತ್ರದ ಅಂಗಿ ರಾಶಿ ಬಿದ್ದಿತ್ತು. ಎಡ್ಡಿ ಅಂದರೆ ಅವರ ಆ ಅಸ್ಥಿಪಂಜರದ ಭೂತ, ಡೆರೆಕ್ ರಿಗ್ಸ್ ಬರೆದದ್ದು. ಕೆಲವು ಅಂಗಿಯಲ್ಲಿ ಅವನಿಗೆ ಕಣ್ಣು ವಾರೆ. ಮೆಟಾಲಿಕಾ ಹೆಸರಿನಲ್ಲಿ ಒಂದು 'ಎಲ್' ಕಮ್ಮಿ ಇದ್ದ ಅಂಗಿಯೂ ಇತ್ತು, ಅದನ್ನು ನನ್ನ ರೂಮ್‌ಮೇಟ್ ಬೇಕಂತಲೇ ಕೊಂಡ. 2011ರಲ್ಲಿ ಮೆಟಾಲಿಕಾ ನಿಜವಾಗಿಯೂ ಬಂದಾಗ ಅದನ್ನೇ ಹಾಕಿಕೊಂಡು ಬಂದ. ಗುರಗಾಂವ್‌ನ ಶೋ ರದ್ದಾಗಿ ಅಲ್ಲಿಂದ ಬಂದಿದ್ದ ಹುಡುಗರು ಅವನ ಅಂಗಿಯ ಫೋಟೋ ತೆಗೆದುಕೊಂಡಿದ್ದು ನೋಡಬೇಕಿತ್ತು.

ಮೂರು ಹಾಡು ಕೇಳುವವರಿಗೆ ನೀವೂ ಒಂದು ಪ್ರಶ್ನೆ ಕೇಳಿ. ನಿಮ್ಮ ಜೆಪೆಲಿನ್ ಅಂಗಿ ಮೇಲೆ ರೆಕ್ಕೆ ಬಿಚ್ಚಿ ಹಿಂದಕ್ಕೆ ಬಾಗಿರುವ ಮನುಷ್ಯ ಇದ್ದಾನಾ? ಅವನು ಯಾರು ಅಂತ ಕೇಳಿ. ಇಕಾರಸ್ ಅಂತಾರೆ. ಅದು ಅವರ ಸ್ವಾನ್ ಸಾಂಗ್ ಅನ್ನೋ ರೆಕಾರ್ಡ್ ಕಂಪನಿಯ ಗುರುತು, ವಿಲಿಯಂ ರಿಮ್ಮರ್ ಅನ್ನೋ ಅಮೆರಿಕದ ಕಲಾವಿದ ಹತ್ತೊಂಬತ್ತನೇ ಶತಮಾನದಲ್ಲಿ ಬರೆದ ಸಂಜೆಯ ಚಿತ್ರದಿಂದ ತೆಗೆದದ್ದು. ಹುಡುಗ ತಣ್ಣಗಾಗುತ್ತಾನೆ.

ಕಾಫಿಪುಡಿ

ಸ್ಟೋನ್ಸ್ ಅಂದಮೇಲೆ ನಾಲಿಗೆ ವಿಷಯ ಬರಲೇಬೇಕು. ನನ್ನ ಹತ್ತಿರ ಅವರ ಲಾಂಛನದ ಆ ಕೆಂಪು ನಾಲಿಗೆ ಟೀಶರ್ಟ್ ಇದೆ. ಊರಿಗೆ ಹಾಕಿಕೊಂಡು ಹೋಗಿದ್ದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿ "ಇದೇನೋ, ಕಾಳಮ್ಮನ ನಾಲಿಗೆ ಒಂದೇ ಹಾಕಿದ್ದಾರೆ, ಮುಖ ಎಲ್ಲಿ?" ಅಂತ ಕೇಳಿದರು. ಎಲ್ಲರೂ ನಕ್ಕರು. ಆದರೆ ಅಜ್ಜಿ ಹೇಳಿದ್ದು ಹೆಚ್ಚುಕಮ್ಮಿ ಸರಿನೇ!

1970ರಲ್ಲಿ ಸ್ಟೋನ್ಸ್ ಆಫೀಸಿನವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಫೋನ್ ಮಾಡಿ ಒಳ್ಳೇ ವಿದ್ಯಾರ್ಥಿ ಯಾರಾದರೂ ಇದ್ದರೆ ಕೊಡಿ ಅಂದರು, ಸಿಕ್ಕವರು ಜಾನ್ ಪಾಶ್. ಗುರುತು ಮಾಡಲು ಕೂತಾಗ ಜ್ಯಾಗರ್ ತೋರಿಸಿದ್ದು ಕಾಳಿಯ ಚಿತ್ರ. ಆ ಚಾಚಿದ ನಾಲಿಗೆಯಿಂದ ಹೊಳೆದದ್ದೇ ಇದು ಅಂತ ಪಾಶ್ ಅವರೇ ಹೇಳಿದ್ದಾರೆ. ಎಲ್ಲರೂ ಅದು ಜ್ಯಾಗರ್ ಬಾಯಿ ಅಂದುಕೊಳ್ಳುತ್ತಾರೆ, ಅವರ ತುಟಿ ನೋಡಿದರೆ ಅನಿಸುವುದೂ ಸಹಜ ಬಿಡಿ. ಪಾಶ್‌ಗೆ ಮೊದಲು ಸಿಕ್ಕಿದ್ದು 50 ಪೌಂಡ್. 2008ರಲ್ಲಿ ಅದೇ ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸುಮಾರು 50 ಸಾವಿರ ಪೌಂಡ್ ಕೊಟ್ಟು ಕೊಂಡಿತು.

ಹಾಗಾಗಿ ನನ್ನ ಅಭಿಪ್ರಾಯ ಬೇರೆ. ಹಾಡು ಗೊತ್ತಿಲ್ಲದೆ ಚಿತ್ರ ಇಷ್ಟಪಟ್ಟು ಹಾಕಿಕೊಂಡರೂ ತಪ್ಪಿಲ್ಲ. ಕ್ವೀನ್ ಬ್ಯಾಂಡಿನ ಲಾಂಛನ ತಗೊಳ್ಳಿ, ಅದನ್ನು ಫ್ರೆಡ್ಡಿ ಮರ್ಕ್ಯುರಿ ತಾನೇ ಬರೆದದ್ದು, ಅವರು ಆರ್ಟ್ ಕಾಲೇಜಿನಲ್ಲಿ ಓದಿದವರು. ನಾಲ್ವರ ರಾಶಿ ಅದರಲ್ಲಿದೆ. ಇಬ್ಬರು ಸಿಂಹ ರಾಶಿಯವರು, ಅದಕ್ಕೆ ಎರಡು ಸಿಂಹ. ಬ್ರಯನ್ ಮೇಗೆ ಏಡಿ. ಫ್ರೆಡ್ಡಿ ಕನ್ಯಾ ರಾಶಿ, ಅದಕ್ಕೆ ಎರಡು ಕಿನ್ನರಿಯರು. ನಮ್ಮ ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಹುಡುಗ ರಾಶಿ ನೋಡಿ ಲಾಂಛನ ಮಾಡದೆ ಇನ್ನೇನು ಮಾಡುತ್ತಾನೆ!

ತಿರುಪ್ಪೂರ್‌ಬಸ್

ನಾನು ಬಟ್ಟೆ ಪ್ರಿಂಟಿಂಗ್ ಲೈನಿನಲ್ಲಿ ಇರುವವನು. ತಿರುಪ್ಪೂರಿಗೂ ಬೆಂಗಳೂರಿಗೂ ಓಡಾಡಿಕೊಂಡಿರುತ್ತೇನೆ. ಆ "ಬಿರುಕು" ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಹಳೇ ಕಾಲದ ರಾಕ್ ಟೀಶರ್ಟ್‌ಗಳಲ್ಲಿ ಹೆಚ್ಚಿನವು ಪ್ಲಾಸ್ಟಿಸಾಲ್ ಶಾಯಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದವು. ಅದು ಪಿವಿಸಿ ಸೇರಿದ ಶಾಯಿ. ಬಟ್ಟೆ ಒಳಗೆ ಇಳಿಯಲ್ಲ, ಮೇಲೆ ಪದರವಾಗಿ ಕೂರುತ್ತದೆ. ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಪೂರ್ತಿ ಪದರಕ್ಕೆ ತಾಗಬೇಕು, ಆಗ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಒಗೆದು, ಎಳೆದು, ಒಣಗಿಸಿದ ಮೇಲೆ ಅದು ಒಡೆಯುತ್ತದೆ. ಈಗ ಏನು ಮಾಡುತ್ತಾರೆ ಅಂದರೆ, ಬಿರುಕನ್ನೇ ಸ್ಕ್ರೀನಿನಲ್ಲಿ ಡಿಸೈನ್ ಮಾಡಿ ಹೊಸ ಅಂಗಿಗೆ ಹೊಡೆಯುತ್ತಾರೆ, ಬಟ್ಟೆಯನ್ನೂ ತೊಳೆದು ಬಣ್ಣ ಇಳಿಸಿ ಹಳೇದರ ಹಾಗೆ ಕಾಣಿಸುತ್ತಾರೆ. ಇದರಲ್ಲಿ ಮೋಸ ಏನಿಲ್ಲ, ಹಳೇದು ಅಂತ ಹೇಳಿ ಮಾರಿದರೆ ಮಾತ್ರ ಮೋಸ.

ಗೊತ್ತು ಮಾಡಿಕೊಳ್ಳುವುದು ಸುಲಭ. ಪ್ರಿಂಟ್ ಇರುವ ಕಡೆ ಎರಡು ಹೆಬ್ಬೆರಳಿನಿಂದ ಬಟ್ಟೆಯನ್ನು ಮೆಲ್ಲಗೆ ಅಗಲಿಸಿ. ನಿಜವಾದ ಬಿರುಕಾದರೆ ಬಾಯಿ ಬಿಡುತ್ತದೆ, ಅಂಚು ಹರಿತವಾಗಿರುತ್ತದೆ, ಒಳಗೆ ನೂಲಿನ ಎಳೆ ಕಾಣುತ್ತದೆ, ಜೊತೆಗೆ ಎದೆ ಹೊಟ್ಟೆ ಹೆಚ್ಚು ಎಳೆಯುವ ಕಡೆಯೇ ಜಾಸ್ತಿ ಇರುತ್ತದೆ. ಡಿಸೈನ್ ಮಾಡಿದ ಬಿರುಕಿನಲ್ಲಿ ಶಾಯಿಯೇ ಇರಲ್ಲ, ಅಂಚು ನುಣುಪು. ಅದೇ ಅಂಗಡಿಯ ಇನ್ನೊಂದು ಅಂಗಿ ಪಕ್ಕದಲ್ಲಿ ಇಟ್ಟರೆ ಬಿರುಕು ಅಲ್ಲೇ ಅದೇ ಆಕಾರದಲ್ಲಿ ಇರುತ್ತದೆ. ಮಾರುವವರನ್ನು ಒಂದು ವಿಡಿಯೋ ಮಾಡಿ ಕಳಿಸಿ ಅಂತ ಕೇಳಿ.

ನಿಜವಾದ ಹಳೇ ಕಪ್ಪು ಅಂಗಿಯಲ್ಲಿ ಇನ್ನೊಂದು ಅಪಾಯ ಇದೆ. ಕೆಲವು ಕಪ್ಪು ಬಣ್ಣಗಳಲ್ಲಿ ಗಂಧಕ ಇರುತ್ತದೆ, ದಶಕಗಳಾದ ಮೇಲೆ ಅದು ನೂಲನ್ನೇ ತಿಂದು ಹಾಕುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ತಲೆ ತೂರಿಸಿದರೆ ಹಪ್ಪಳದ ಹಾಗೆ ಹರಿಯುತ್ತದೆ. ಆರೂವರೆ ಸಾವಿರ ಕೊಟ್ಟು ಗೋಡೆಗೆ ನೇತುಹಾಕುವ ಹಾಗಿದ್ದರೆ ಸರಿ.

ಒಂದೆಳೆ

ಇದು ನೂರಕ್ಕೆ ನೂರು ನಿಜ. ಹಳೇದರ ಹುಚ್ಚು ಹಿಡಿದವರು ಹಾಕಿಕೊಳ್ಳುವುದಕ್ಕೆ ಕೊಳ್ಳುವುದಿಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ 1967ರ ಟೀಶರ್ಟ್ ಒಂದು 2021ರಲ್ಲಿ ಸೋತ್‌ಬೀಸ್ ಹರಾಜಿನಲ್ಲಿ 17,640 ಡಾಲರಿಗೆ ಹೋಯಿತು. ಅದನ್ನು ಹಾಕಿಕೊಂಡು ದರ್ಶಿನಿಯಲ್ಲಿ ಸಾಂಬಾರ್ ಇಡ್ಲಿ ತಿನ್ನಲು ಆಗುತ್ತಾ?

ಅರ್ಧಬೆಲೆ

ಇಷ್ಟೆಲ್ಲ ತಲೆಬಿಸಿ ಯಾಕೆ? ಬ್ರಿಗೇಡ್ ರೋಡಿನ ಸುತ್ತಮುತ್ತ, ಇಲ್ಲ ಗೋಕರ್ಣಕ್ಕೆ ಹೋದರೆ ಬೀಚ್ ದಾರಿಯ ಅಂಗಡಿಗಳಲ್ಲಿ 300, 400ಕ್ಕೆ ಸಿಗುತ್ತದೆ. ಡೋರ್ಸ್ ಬ್ಯಾಂಡಿನ ಗಾಯಕ ಜಿಮ್ ಮಾರಿಸನ್, ಫ್ಲಾಯ್ಡ್, ಏನು ಬೇಕೋ ಅದು. ಬಣ್ಣ ಹೋದರೆ ನೆಲ ಒರೆಸಿ. ಅಸಲಿ ಕೊಂಡರೆ ದುಡ್ಡು ಹೋಗುವುದು ಆಗಲೇ ಕೋಟಿಗಟ್ಟಲೆ ಇರುವವರಿಗೆ. ಮಾರಿಸನ್ ಅಂತೂ 1971ರಲ್ಲೇ ತೀರಿಕೊಂಡ.

ಕಾಫಿಪುಡಿ

ಮಾರಿಸನ್ ಇಲ್ಲ, ಸರಿ. ಆದರೆ ಆ ಅಂಗಿಯ ಮೇಲಿನ ಫೋಟೋ, ತೋಳು ಚಾಚಿ ನಿಂತಿರುವುದು, ಅದನ್ನು 1967ರಲ್ಲಿ ತೆಗೆದ ಜೋಯೆಲ್ ಬ್ರಾಡ್‌ಸ್ಕಿಗೆ ಒಂದು ಹೆಸರಿದೆಯಲ್ಲ. ಚಿತ್ರ ಮಾಡಿದವರು ಯಾರಿಗೂ ನೆನಪಿರಲ್ಲ. ರಾಮೋನ್ಸ್ ಟೀಶರ್ಟ್ ಊರೆಲ್ಲ ಹಾಕಿಕೊಳ್ಳುತ್ತದೆ, ಅಮೆರಿಕದ ಅಧ್ಯಕ್ಷರ ಮುದ್ರೆಯನ್ನು ಕುಚೋದ್ಯ ಮಾಡಿ, ಹದ್ದಿನ ಕಾಲಿಗೆ ಬಾಣದ ಬದಲು ಬೇಸ್‌ಬಾಲ್ ಬ್ಯಾಟ್ ಕೊಟ್ಟ ಆರ್ತುರೋ ವೇಗಾ ಯಾರಿಗೆ ಗೊತ್ತು? ಆ ಬ್ಯಾಂಡಿನ ರೆಕಾರ್ಡ್‌ಗಳು ದೊಡ್ಡದಾಗಿ ಮಾರಾಟವಾಗಲೇ ಇಲ್ಲ. ಟೀಶರ್ಟ್ ದುಡ್ಡೇ ಅವರನ್ನು ರಸ್ತೆ ಮೇಲೆ ಓಡಿಸಿದ್ದು. ಎಲ್ಲರೂ ಕೋಟ್ಯಧಿಪತಿಗಳಲ್ಲ.

ಅರ್ಧಬೆಲೆ

ರಾಮೋನ್ಸ್ ವಿಷಯ ಒಪ್ಪಿದೆ. ಸ್ಟೋನ್ಸ್‌ಗೆ ಮಾತ್ರ ನನ್ನ ಸಾವಿರ ರೂಪಾಯಿ ಬೇಕಾಗಿಲ್ಲ.

ಅರಮನೆಮೈದಾನ

ನನಗೆ ಫುಟ್‌ಪಾತಿನವರ ಮೇಲೆ ಸಿಟ್ಟಿಲ್ಲ, ನಮ್ಮಂಥವರನ್ನು ಬೆಳೆಸಿದ್ದೇ ಅವರು. ನಾವು ಓದುವಾಗ ಅಸಲಿ ಬೇಕು ಅಂದರೂ ಎಲ್ಲಿ ಸಿಗುತ್ತಿತ್ತು? ಯಾರದೋ ಅಣ್ಣ ಅಮೆರಿಕದಿಂದ ಬರಬೇಕಿತ್ತು. ಸಿಟ್ಟು ಬರುವುದು ಬೇರೆಯವರ ಮೇಲೆ. 2017ರಲ್ಲಿ ಅಮೆರಿಕದ ಟಿವಿ ತಾರೆಯರು ಕೆಂಡಲ್ ಮತ್ತು ಕೈಲಿ ಜೆನ್ನರ್ ಅಕ್ಕತಂಗಿ ಏನು ಮಾಡಿದರು ನೆನಪಿದೆಯಾ? ಡೋರ್ಸ್, ಫ್ಲಾಯ್ಡ್, ಮೆಟಾಲಿಕಾ ಟೀಶರ್ಟ್ ಚಿತ್ರಗಳ ಮೇಲೆ ತಮ್ಮ ಮುಖ, ಹೆಸರು ಅಚ್ಚು ಹಾಕಿಸಿ 125 ಡಾಲರಿಗೆ ಮಾರಲು ಹೊರಟರು. ಕೆಳಗೆ ಬ್ಯಾಂಡ್, ಮೇಲೆ ಇವರು! ರಾಕ್ ಗಾಯಕ ಓಝಿ ಹೆಂಡತಿ ಶಾರನ್ ಆಸ್ಬರ್ನ್ ಬಹಿರಂಗವಾಗಿ ಉಗಿದರು, ಡೋರ್ಸ್ ಕಡೆಯಿಂದ ವಕೀಲರ ನೋಟಿಸ್ ಬಂತು, ಕ್ಷಮೆ ಕೇಳಿ ವಾಪಸ್ ತೆಗೆದರು. ಅದರ ಮುಂದೆ ನಮ್ಮ ವಾರೆಗಣ್ಣಿನ ಎಡ್ಡಿ ಎಷ್ಟೋ ಮೇಲು.

ಹಳೇಕ್ಯಾಸೆಟ್

ಎಲ್ಲರಿಗೂ ಥ್ಯಾಂಕ್ಸ್. ಮಾರುವವರಿಗೆ ಮೆಸೇಜ್ ಮಾಡಿ, ಅರ್ಲ್ಸ್ ಕೋರ್ಟ್ ಇರಬೇಕಾದ ಕಡೆ ವೆಂಬ್ಲಿ ಯಾಕಿದೆ ಅಂತ ಕೇಳಿದೆ. "ಪ್ರಿಂಟ್ ಮಿಸ್ಟೇಕ್ ಸರ್, ಅದಕ್ಕೇ ರೇರ್, ಬೇಗ ತಗೊಳ್ಳಿ" ಅಂದರು. ಈ ಉತ್ತರಕ್ಕೇ ಐನೂರು ಕೊಡಬಹುದಿತ್ತು. ಬಿಟ್ಟೆ.

ಈಗ ಲೈಸೆನ್ಸ್ ಇರುವ ಹೊಸ ಅಂಗಿಯನ್ನೇ ಕೊಳ್ಳುತ್ತೇನೆ. ಸ್ಟೋನ್ಸ್ ನಾಲಿಗೆ ಬೇಕು ಅನಿಸುತ್ತಿದೆ, ಕಾಳಮ್ಮನ ಕಥೆ ಕೇಳಿದ ಮೇಲೆ ಮನೆಯಲ್ಲೂ ಸ್ವಲ್ಪ ಒಪ್ಪಿಗೆ ಸಿಕ್ಕಿದೆ. ತಿರುಪ್ಪೂರ್ ಅವರೇ, ಕೊಳ್ಳುವಾಗ ಏನು ನೋಡಬೇಕು? ಜಿಎಸ್‌ಎಂ ಅಂತ ಬರೆದಿರುತ್ತಾರಲ್ಲ, ಅದೆಷ್ಟಿರಬೇಕು? ಹೊಟ್ಟೆ ವಿಷಯ ಆಗಲೇ ಹೇಳಿದ್ದೇನೆ.

ತಿರುಪ್ಪೂರ್‌ಬಸ್

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ನಮ್ಮ ಹವೆಗೆ 180 ಸಾಕು. 140, 150 ಇದ್ದರೆ ತೆಳು, ಮೈಗೆ ಅಂಟಿಕೊಂಡು ಹೊಟ್ಟೆಯ ನಕ್ಷೆ ಬರೆಯುತ್ತದೆ. 240 ಅಂತ ಈಗ ಹುಡುಗರು ಹಾಕುವ ದೊಗಳೆ ಅಂಗಿ, ಬೇಸಿಗೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ. ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು, ಹೊಟ್ಟೆ ಮುಚ್ಚಲಿ ಅಂತ ಎರಡು ಸೈಜ್ ದೊಡ್ಡದು ತಗೋಬೇಡಿ, ಜಾಸ್ತಿ ಎದ್ದು ಕಾಣುತ್ತದೆ. ಬಟ್ಟೆ ಮೊದಲೇ ಕುಗ್ಗಿಸಿದ್ದಾ ಅಂತ ಕೇಳಿ.

ಪ್ರಿಂಟ್ ಮುಟ್ಟಿ ನೋಡಿ. ಎದೆ ಮೇಲೆ ರಬ್ಬರ್ ಹಾಳೆ ಅಂಟಿಸಿದ ಹಾಗೆ ಗಾಳಿ ಆಡದಂತೆ ಇದ್ದರೆ ಅದು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಶಾಖದಲ್ಲಿ ಅಂಟಿಸಿದ್ದು. ನಾಲಿಗೆಯಷ್ಟು ದೊಡ್ಡ ಚಿತ್ರಕ್ಕೆ ಅದು ಬೇಡ, ಬೆವರಿಗೆ ಮೈಗೆ ಹತ್ತುತ್ತದೆ. ಕಪ್ಪು ಬಟ್ಟೆಯ ಬಣ್ಣ ತೆಗೆದು ಅದೇ ಜಾಗಕ್ಕೆ ಹೊಸ ಬಣ್ಣ ಇಳಿಸುವ ಡಿಸ್ಚಾರ್ಜ್ ಪ್ರಿಂಟ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಕೈಗೆ ಬಟ್ಟೆ ಬಿಟ್ಟು ಬೇರೇನೂ ಸಿಗಲ್ಲ.

ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರು, ನೆರಳಲ್ಲಿ ಒಣಗಿಸಿ. ಪ್ರಿಂಟ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಕಲ್ಲಿನ ಮೇಲೆ ಕುಕ್ಕುವವರಿಗೆ ಕೊಡಲೇಬೇಡಿ, ಆರು ತಿಂಗಳಲ್ಲಿ ನಿಮ್ಮದೂ 1994ರ ಟೂರ್ ಅಂಗಿ ಆಗುತ್ತದೆ.

ಅರ್ಧಬೆಲೆ

ಆಮೇಲೆ 6,500ಕ್ಕೆ ಮಾರಬಹುದಲ್ಲ, ಒಳ್ಳೇದೇ ಆಯಿತು 😄